ಸ್ಟ್ರೋಕ್ ಆದ ಅಪ್ಪನ ಡಿಸ್ಚಾರ್ಜ್: ಮೂಗಿನ ಟ್ಯೂಬು, ಕ್ಯಾಥೆಟರ್ ಜೊತೆ ಮನೆಗೆ ಕರೆದೊಯ್ಯುವ ಮುಂಚೆ ಏನೇನು ಕಲಿತುಕೊಳ್ಳಬೇಕು?

ಹೊನ್ನಾಳಿ_ಹೊಳೆದಂಡೆ

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 68 ವರ್ಷ, ತೂಕ ಸುಮಾರು 60 ಕೆ.ಜಿ. ಮಿದುಳಿನ ಎಡಭಾಗದಲ್ಲಿ ಸ್ಟ್ರೋಕ್ ಆಗಿ ಬಲಗೈ, ಬಲಗಾಲು ಬಿದ್ದಿವೆ. ಮಾತು ಬರುತ್ತಿಲ್ಲ, ನಾವು ಹೇಳಿದ್ದು ಅಷ್ಟಿಷ್ಟು ತಿಳಿಯುತ್ತದೆ. ದಾವಣಗೆರೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿದ್ದೇವೆ. ಐಸಿಯುನಿಂದ ವಾರ್ಡಿಗೆ ತಂದಾಗಿದೆ, ಇನ್ನು ಮೂರ್ನಾಲ್ಕು ದಿನದಲ್ಲಿ ಡಿಸ್ಚಾರ್ಜ್ ಎನ್ನುತ್ತಿದ್ದಾರೆ. ಮೂಗಿನಲ್ಲಿ ಹೊಟ್ಟೆಗೆ ಊಟ ಇಳಿಸುವ ರೈಲ್ಸ್ ಟ್ಯೂಬ್, ಮೂತ್ರಕ್ಕೆ ಕ್ಯಾಥೆಟರ್, ಎರಡೂ ಹಾಗೇ ಇಟ್ಟುಕೊಂಡು ಮನೆಗೆ ಹೋಗಬೇಕಂತೆ.

ಮನೆ ಹಳ್ಳಿಯಲ್ಲಿ. ನೋಡಿಕೊಳ್ಳುವವರು ಅಮ್ಮ ಮತ್ತು ನನ್ನ ಹೆಂಡತಿ. ಕರೆಂಟು ಹೋಗಿ ಬಂದು ಮಾಡುತ್ತದೆ. ಟಾಯ್ಲೆಟ್ ಇಂಡಿಯನ್ ಮಾದರಿಯದು. ಖರ್ಚಿಗೆ ತಮ್ಮನ ಕಂಪನಿಯ ಇನ್ಶೂರೆನ್ಸ್ ಇದೆ, ಕ್ಯಾಶ್‌ಲೆಸ್. ಆಸ್ಪತ್ರೆ ಬಿಡುವ ಮುಂಚೆ ಯಾರ ಹತ್ತಿರ ಏನು ಕಲಿತುಕೊಳ್ಳಬೇಕು, ಯಾವ ಕಾಗದ ತೆಗೆದುಕೊಳ್ಳಬೇಕು, ಮನೆಯಲ್ಲಿ ಎಲ್ಲಿ ಎಡವುತ್ತಾರೆ ಅಂತ ತಿಳಿದವರು ಹೇಳಿ. "ಚೆನ್ನಾಗಿ ನೋಡಿಕೊಳ್ಳಿ" ಅಂತ ಎಲ್ಲರೂ ಹೇಳುತ್ತಾರೆ, ಹೇಗೆ ಅಂತ ಯಾರೂ ಬಿಡಿಸಿ ಹೇಳುತ್ತಿಲ್ಲ.

ವಾರ್ಡ್_ಸಿಸ್ಟರ್

ಡಿಸ್ಚಾರ್ಜ್ ದಿನ ಬೆಳಗ್ಗೆ ಐದು ನಿಮಿಷ ಹೇಳಿಕೊಡುವುದನ್ನು ನೆಚ್ಚಿಕೊಳ್ಳಬೇಡಿ. ಅವತ್ತು ನಿಮ್ಮ ತಲೆ ಬಿಲ್ಲಿನ ಮೇಲಿರುತ್ತದೆ, ಸಿಸ್ಟರ್ ತಲೆ ಆ ಬೆಡ್ಡಿಗೆ ಬರುವ ಮುಂದಿನ ಪೇಷಂಟ್ ಮೇಲಿರುತ್ತದೆ. ಇವತ್ತೇ ಡ್ಯೂಟಿಯಲ್ಲಿರುವವರಿಗೆ "ಮುಂದಿನ ಫೀಡ್ ನಾವೇ ಹಾಕ್ತೀವಿ ಸಿಸ್ಟರ್, ನೀವು ಪಕ್ಕದಲ್ಲಿ ನಿಂತು ನೋಡಿ" ಅನ್ನಿ. ಹಾಕಬೇಕಾದವರು ನಿಮ್ಮ ತಾಯಿ ಮತ್ತು ಹೆಂಡತಿ, ನೀವಲ್ಲ. ನೀವು ವಿಡಿಯೋ ಮಾಡಿಕೊಂಡು ಹೋಗಿ ತೋರಿಸಿದರೆ ಅವರ ಕೈಗೆ ಬರುವುದಿಲ್ಲ. ಅಟೆಂಡರ್ ಪಾಸ್ ಒಂದೇ ಇದ್ದರೆ ಪಾಳಿ ಬದಲಿಸಿ. ಇಬ್ಬರೂ ಮೂರು ಕೆಲಸ ಮಾಡಿ ತೋರಿಸಿರಬೇಕು: ಟ್ಯೂಬಿನಲ್ಲಿ ಊಟ, ಮಗ್ಗುಲು ಬದಲಿಸುವುದು, ಯೂರಿನ್ ಬ್ಯಾಗ್ ಖಾಲಿ ಮಾಡಿ ಅಳೆಯುವುದು.

ಟ್ಯೂಬಿನ ವಿಷಯ ವಿವರವಾಗಿ ಬರೆಯುತ್ತೇನೆ, ಅಪಾಯ ಹೆಚ್ಚು ಇರುವುದು ಅಲ್ಲೇ.

ಟ್ಯೂಬು ಮೂಗಿನ ಹೊಳ್ಳೆಯಿಂದ ಹೊರಬರುವ ಜಾಗದಲ್ಲಿ ಮಾರ್ಕರ್ ಪೆನ್ನಿನಿಂದ ಗೆರೆ ಹಾಕಿಸಿಕೊಳ್ಳಿ. ಅಲ್ಲಿಂದ ತುದಿಯವರೆಗೆ ಹೊರಗಿರುವ ಉದ್ದವನ್ನು ಟೇಪಿನಲ್ಲಿ ಅಳೆದು ಗೋಡೆಯ ಮೇಲೆ ಬರೆದಿಡಿ. ಪ್ರತಿ ಫೀಡ್‌ಗೆ ಮುಂಚೆ ಆ ಗೆರೆ ನೋಡುವುದು ಮೊದಲ ಕೆಲಸ. ಗೆರೆ ಮೂಗಿನಿಂದ ದೂರ ಬಂದಿದ್ದರೆ ಟ್ಯೂಬು ಮೇಲೆ ಸರಿದಿದೆ ಎಂದರ್ಥ. ಆಗ ಏನನ್ನೂ ಹಾಕಬೇಡಿ. ಒಳಗೆ ತಳ್ಳಲೂ ಬೇಡಿ.

ಗೆರೆ ಸರಿಯಿದ್ದರೆ ಕಾಲ ಕೆಳಗೆ, ಅಂದರೆ ಮಂಡಿಯ ಹಿಂದೆ, ಮೊದಲು ಒಂದು ದಿಂಬು ಕೊಡಿ. ಆಮೇಲೆ ತಲೆಯ ಕಡೆ ಎತ್ತಿ. ಮಂಡಿ ಮಡಿಸದೆ ಬೆನ್ನು ಎತ್ತಿದರೆ ಮನುಷ್ಯ ಕೆಳಕ್ಕೆ ಜಾರುತ್ತಾನೆ, ಟಿಕ್ಕೆಯ (ಪೃಷ್ಠದ) ಚರ್ಮ ಹಾಸಿಗೆಗೆ ಉಜ್ಜಿ ಬೆಡ್‌ಸೋರ್, ಅಂದರೆ ಮಲಗಿದಲ್ಲೇ ಆಗುವ ಹುಣ್ಣು, ಶುರುವಾಗುತ್ತದೆ. ಎತ್ತರ 30ರಿಂದ 45 ಡಿಗ್ರಿ. ಮನೆಯ ಮಂಚದಲ್ಲಿ ತಲೆದಿಂಬು ಮಾತ್ರ ಕೊಟ್ಟರೆ ಕತ್ತು ಬಾಗುತ್ತದೆ, ಎದೆ ಏಳುವುದಿಲ್ಲ. ಸೊಂಟದಿಂದಲೇ ಎತ್ತುವ ಬ್ಯಾಕ್‌ರೆಸ್ಟ್ ಬೇಕು. ಅದಿಲ್ಲದಿದ್ದರೆ ಮರದ ಕುರ್ಚಿಯನ್ನು ಮಂಚದ ಮೇಲೆ ಬೋರಲು ಹಾಕಿ, ಅದರ ಬೆನ್ನಿನ ಇಳಿಜಾರಿನ ಮೇಲೆ ದಿಂಬು ಜೋಡಿಸಿದರೂ ನಡೆಯುತ್ತದೆ.

50 ಎಂ.ಎಲ್. ಸಿರಿಂಜ್ ಸಿಕ್ಕಿಸಿ ನಿಧಾನ ಹಿಂದಕ್ಕೆ ಎಳೆಯಿರಿ. ಹಿಂದಿನ ಫೀಡಿನ ಉಳಿಕೆಯೋ, ಹಸಿರು-ಹಳದಿ ನೀರೋ ಬರುತ್ತದೆ. ಸ್ವಲ್ಪ ಬಂದರೆ ಅದನ್ನೇ ವಾಪಸ್ ಬಿಡಿ. 200 ಎಂ.ಎಲ್. ಹತ್ತಿರ ಬಂದರೆ ಹಿಂದಿನ ಊಟ ಇಳಿದಿಲ್ಲ, ಒಂದು ಗಂಟೆ ಬಿಟ್ಟು ಮತ್ತೆ ನೋಡಿ. ಪದೇ ಪದೇ ಹಾಗೇ ಆದರೆ ಡಾಕ್ಟರಿಗೆ ಹೇಳಿ. ಕಾಫಿ ಗಷ್ಟಿನಂಥ ಕಪ್ಪು ಅಥವಾ ಕೆಂಪು ಬಂದರೆ ಕಾಯಬೇಡಿ, ಆಸ್ಪತ್ರೆಗೆ.

ಆಮೇಲೆ 30 ಎಂ.ಎಲ್. ಕಾಯಿಸಿ ಆರಿಸಿದ ನೀರು, 200 ಎಂ.ಎಲ್. ಊಟ, ಮತ್ತೆ 30 ಎಂ.ಎಲ್. ನೀರು. ಸಿರಿಂಜಿನ ಪಿಸ್ಟನ್ ತೆಗೆದುಹಾಕಿ, ಕೊಳವೆಯನ್ನು ಹೊಟ್ಟೆಯಿಂದ ಒಂದಡಿ ಒಂದೂವರೆ ಅಡಿ ಮೇಲೆ ಹಿಡಿದು ತಾನಾಗಿ ಇಳಿಯಲು ಬಿಡಿ. 10–15 ನಿಮಿಷ ಹಿಡಿಯಬೇಕು. ಬೇಗ ಮುಗಿಸಲು ಪಿಸ್ಟನ್ ಹಾಕಿ ಒತ್ತುವುದೇ ವಾಂತಿಗೆ ದಾರಿ. ಕೊಳವೆ ಪೂರ್ತಿ ಖಾಲಿಯಾಗುವ ಮುಂಚೆ ಮುಂದಿನದನ್ನು ಸುರಿಯಿರಿ, ಸಿರಿಂಜ್ ತೆಗೆಯುವಾಗ ಟ್ಯೂಬನ್ನು ಬೆರಳಿನಿಂದ ಮಡಿಸಿ ಹಿಡಿಯಿರಿ. ಇಲ್ಲದಿದ್ದರೆ ಗಾಳಿ ಹೋಗಿ ಹೊಟ್ಟೆ ಉಬ್ಬರಿಸುತ್ತದೆ. ಮುಗಿದ ಮೇಲೆ 45 ನಿಮಿಷವಾದರೂ ಎತ್ತರದಲ್ಲೇ ಇರಬೇಕು.

ಹಾಕುವಾಗ ಕೆಮ್ಮು, ಏದುಸಿರು, ತುಟಿ ಕಪ್ಪಿಡುವುದು, ಗಂಟಲಲ್ಲಿ ಗೊರಗೊರ ಕಂಡರೆ ಅಲ್ಲಿಗೇ ನಿಲ್ಲಿಸಿ.

ಇನ್ನು ಏನು ಹಾಕಬೇಕು. ಎಲ್ಲರೂ ಹೆಸರುಬೇಳೆ ಕಟ್ಟು, ಗಂಜಿ ತಿಳಿ ಹಾಕುತ್ತಾರೆ. ಲೋಟ ಲೆಕ್ಕದಲ್ಲಿ ಊಟ ಆಯಿತು, ಮೈಗೆ ಏನೂ ಹತ್ತಲಿಲ್ಲ. 60 ಕೆ.ಜಿ. ಮನುಷ್ಯನಿಗೆ ದಿನಕ್ಕೆ 1500–1800 ಕ್ಯಾಲೊರಿ ಬೇಕು. 200 ಎಂ.ಎಲ್.ನಂತೆ ಏಳೆಂಟು ಸಲ ಹಾಕಿದರೂ ಒಂದೂವರೆ ಲೀಟರ್, ಅಂದರೆ ಒಂದು ಎಂ.ಎಲ್.ಗೆ ಒಂದು ಕ್ಯಾಲೊರಿಯ ಲೆಕ್ಕವಾದರೂ ಬರಬೇಕು. ಬರೀ ರಾಗಿ ಹಿಟ್ಟಿನ ಗಂಜಿ ಗಟ್ಟಿಯಾಗಿ ಟ್ಯೂಬು ಕಟ್ಟುತ್ತದೆ, ನೀರು ಹೆಚ್ಚಿಸಿದರೆ ಸತ್ವ ಕಮ್ಮಿ. ಮೊಳಕೆ ಕಟ್ಟಿ ಒಣಗಿಸಿ ಬೀಸಿದ ರಾಗಿ ಹಿಟ್ಟು ಬಳಸಿ. ಮೊಳಕೆಯಲ್ಲಿ ಪಿಷ್ಟ ಒಡೆಯುವುದರಿಂದ ಅದೇ ನೀರಿಗೆ ಹೆಚ್ಚು ಹಿಟ್ಟು ಹಾಕಿದರೂ ತೆಳುವಾಗಿಯೇ ಇರುತ್ತದೆ. ಮಗುವಿಗೆ ರಾಗಿ ಸರಿ ಮಾಡುವ ಮನೆಯವರಿಗೆ ಇದು ಗೊತ್ತೇ ಇರುತ್ತದೆ. ಅದಕ್ಕೆ ಹಾಲು, ಒಂದು ಚಮಚ ಎಣ್ಣೆ, ಬೇಯಿಸಿ ಮಿಕ್ಸಿಯಲ್ಲಿ ನುಣ್ಣಗೆ ಅರೆದ ಬೇಳೆ. ಯಾವುದೇ ಆದರೂ ತೆಳು ಪಂಚೆ ಬಟ್ಟೆಯಲ್ಲಿ ಎರಡು ಸಲ ಸೋಸಿ. ಹಸಿ ಮೊಟ್ಟೆ ಬೇಡ. ಹುಳಿ ಹಣ್ಣಿನ ರಸವನ್ನು ಹಾಲಿನ ಜೊತೆ ಹಾಕಿದರೆ ಟ್ಯೂಬಿನಲ್ಲೇ ಒಡೆದು ಕಟ್ಟಿಕೊಳ್ಳುತ್ತದೆ. ಡಯಟಿಷಿಯನ್ ಇದ್ದರೆ ಫೀಡ್ ಚಾರ್ಟ್ ಬರೆಸಿಕೊಳ್ಳಿ. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇದ್ದರೆ ಚಾರ್ಟ್ ಬೇರೆಯಾಗುತ್ತದೆ. ಇನ್ಸುಲಿನ್ ಕೊಡುತ್ತಿದ್ದರೆ, ಫೀಡ್ ತಪ್ಪಿದ ಹೊತ್ತಿನಲ್ಲಿ ಡೋಸ್ ಏನು ಮಾಡಬೇಕು ಎಂದು ಈಗಲೇ ಕೇಳಿಟ್ಟುಕೊಳ್ಳಿ.

ಟ್ಯೂಬು ಕಟ್ಟಿಕೊಂಡರೆ 20–30 ಎಂ.ಎಲ್. ಉಗುರುಬೆಚ್ಚಗಿನ ನೀರಿನಲ್ಲಿ ನಿಧಾನ ಹಿಂದೆ-ಮುಂದೆ ಮಾಡಿ. ತಂತಿ ತೂರಿಸಬೇಡಿ, ಕೂಲ್‌ಡ್ರಿಂಕ್ಸ್ ಸುರಿಯಬೇಡಿ. ಎಡಗೈ ಚೆನ್ನಾಗಿರುವುದರಿಂದ ಅಪ್ಪನೇ ಟ್ಯೂಬು ಕಿತ್ತುಕೊಳ್ಳಬಹುದು, ರಾತ್ರಿ ಹೆಚ್ಚು. ಕೈ ಮಂಚಕ್ಕೆ ಕಟ್ಟುವ ಬದಲು ಮೆತ್ತನೆ ಬಟ್ಟೆಯ ಕೈಗವಸು ಹಾಕಿ, ಆಗಾಗ ಬಿಚ್ಚಿ ಬೆರಳು ನೋಡಿ. ಕಿತ್ತು ಬಂದರೆ ಮನೆಯಲ್ಲಿ ಯಾರೂ ವಾಪಸ್ ಹಾಕಬಾರದು, ಕಾಂಪೌಂಡರ್ ಬಂದು ಹಾಕುತ್ತೇನೆಂದರೂ ಬೇಡ. ಹತ್ತಿರದ ಯಾವ ಆಸ್ಪತ್ರೆಯಲ್ಲಿ ಟ್ಯೂಬು ಹಾಕಿ ಜಾಗ ಖಚಿತ ಮಾಡಿಕೊಡುತ್ತಾರೆ ಎಂದು ಮೊದಲೇ ವಿಚಾರಿಸಿಡಿ.

ಊರಗೌಡ್ರು

ಸಿಸ್ಟರ್ ಚೆನ್ನಾಗಿ ಹೇಳಿದ್ದಾರೆ. ಒಂದು ಸೇರಿಸ್ತೀನಿ: ಸ್ಟೆತಸ್ಕೋಪ್ ಒಂದು ತಗೊಳ್ಳಿ. ಹೊಟ್ಟೆ ಮೇಲಿಟ್ಟು ಸಿರಿಂಜಿನಿಂದ ಗಾಳಿ ಬಿಟ್ಟರೆ "ಗುಳಕ್" ಅಂತ ಕೇಳುತ್ತೆ. ಕೇಳಿದರೆ ಟ್ಯೂಬು ಹೊಟ್ಟೆಯಲ್ಲೇ ಇದೆ ಅಂತ. ಬಹಳ ಮನೆಗಳಲ್ಲಿ ಇದನ್ನೇ ಮಾಡ್ತಾರೆ.

ವಾರ್ಡ್_ಸಿಸ್ಟರ್

ಗೌಡ್ರೇ, ಅದನ್ನು ಹೇಳಿಕೊಡುವ ವಾರ್ಡುಗಳು ಇನ್ನೂ ಇವೆ, ಆದರೆ ಅದರ ಮೇಲೆ ಭರವಸೆ ಇಡುವಂತಿಲ್ಲ. ತುದಿ ಶ್ವಾಸಕೋಶದಲ್ಲೋ ಅನ್ನನಾಳದಲ್ಲೋ ಇದ್ದರೂ ಆ ಸದ್ದು ಹೊಟ್ಟೆಯ ಮೇಲೆ ಕೇಳಬಹುದು. ಹೊಸದಾಗಿ ಹಾಕಿದ ಟ್ಯೂಬಿಗೆ ಎಕ್ಸ್‌ರೇ ಖಚಿತ. ದಿನನಿತ್ಯಕ್ಕೆ ಗೆರೆ ಮತ್ತು ಎಳೆದಾಗ ಬರುವ ದ್ರವ. ದ್ರವದ ಆಮ್ಲ ಎಷ್ಟಿದೆ ಎಂದು ತೋರಿಸುವ ಪಿಹೆಚ್ ಪಟ್ಟಿ ಸಿಕ್ಕರೆ 5.5 ಅಥವಾ ಅದಕ್ಕಿಂತ ಕಡಿಮೆ ತೋರಿಸಬೇಕು; ಪ್ಯಾಂಟೊಪ್ರಜೋಲ್‌ನಂಥ ಗ್ಯಾಸ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಆ ಅಂಕಿ ಏರಿರುತ್ತದೆ, ಅದನ್ನೂ ನೆನಪಿಡಿ. ಅನುಮಾನ ಬಂದರೆ ಒಂದು ಹೊತ್ತು ಊಟ ತಪ್ಪಿದರೂ ಪರವಾಗಿಲ್ಲ.

ಫಿಸಿಯೋ_ಹುಬ್ಬಳ್ಳಿ

ಮಗ್ಗುಲು ಬದಲಿಸೋದನ್ನೂ ಫೀಡನ್ನೂ ಒಂದೇ ವೇಳಾಪಟ್ಟಿಗೆ ಕಟ್ಟಿರಿ, ಇಲ್ಲಾಂದ್ರ ಮನೆಯವರಿಗೆ ನಿದ್ದೆ ಇರಂಗಿಲ್ಲ. ಎರಡು ತಾಸಿಗೊಮ್ಮೆ ಮಗ್ಗುಲು. ಮೊದಲು ಡಯಾಪರ್ ನೋಡಿ, ಮಗ್ಗುಲು ಬದಲಿಸಿ, ಬೆನ್ನು ಟಿಕ್ಕೆ ನೋಡಿ, ಆಮೇಲೆ ಎತ್ತರಿಸಿ ಫೀಡ್. ಫೀಡ್ ಆದಮೇಲೆ ಹೊರಳಿಸಿದರೆ ಊಟ ಗಂಟಲಿಗೆ ಬರ್ತದ. ಗೋಡೆಗೆ ಒಂದು ಹಾಳೆ ಅಂಟಿಸಿ "6 ಎಡ, 8 ಬೆನ್ನು, 10 ಬಲ" ಅಂತ ಬರೆದು ಟಿಕ್ ಹಾಕ್ರಿ. ಪಾಳಿ ಬದಲಾದಾಗ "ನಾನು ಈಗಷ್ಟೇ ತಿರುಗಿಸೀನಿ" ಅನ್ನೋ ವಾದ ಬರಂಗಿಲ್ಲ.

ಪೂರ್ತಿ ಅಡ್ಡ ಮಲಗಿಸಬೇಡಿ, ಸೊಂಟದ ಮೂಳೆ ಮೇಲೆ ಇಡೀ ಭಾರ ಬೀಳ್ತದ. ಬೆನ್ನ ಹಿಂದೆ ಉದ್ದ ದಿಂಬು ಕೊಟ್ಟು 30 ಡಿಗ್ರಿ ವಾಲಿಸಿದರೆ ಸಾಕು. ಎರಡು ಮಂಡಿ ನಡುವೆ ಒಂದು ದಿಂಬು. ಬೆನ್ನ ಮೇಲೆ ಮಲಗಿದಾಗ ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಗಾಳಿಯಲ್ಲಿ ತೇಲೋ ಹಂಗ ಇರಬೇಕು. ಬಲಮಗ್ಗುಲಿಗೆ, ಅಂದ್ರೆ ಬಿದ್ದ ಭಾಗದ ಮೇಲೆ, ಮಲಗಿಸಬಹುದು. ಆದರೆ ಬಲ ಭುಜ ಮೈಯಡಿ ಸಿಕ್ಕಿಕೊಳ್ಳದಂಗ ಮುಂದಕ್ಕ ತೆಗೆದಿಡ್ರಿ.

ಸರಿಸೋವಾಗ ಎಳೀಬ್ಯಾಡ್ರಿ. ಹಳೇ ಹತ್ತಿ ಸೀರೆ ನಾಲ್ಕು ಮಡಿಕೆ ಮಾಡಿ ಭುಜದಿಂದ ತೊಡೆತನಕ ಕೆಳಗ ಹಾಸಿರಿ. ಇಬ್ಬರು ಎರಡೂ ಕಡೆ ಸೀರೆ ಅಂಚು ಸುತ್ತಿ ಹಿಡಿದು ಎತ್ತಿ ಸರಿಸಬೇಕು. ಬಿದ್ದ ಕೈ ಹಿಡಿದು ಮೇಲೆತ್ತೋದು, ಕಂಕುಳಿಗೆ ಕೈ ಕೊಟ್ಟು ಎಬ್ಬಿಸೋದು ಎರಡೂ ಬೇಡ. ಭುಜದ ಸುತ್ತ ಸ್ನಾಯು ಸಡಿಲ ಇರೋದರಿಂದ ಕೀಲು ಜಾರಿ, ತಿಂಗಳುಗಟ್ಟಲೆ ನೋವು ಉಳೀತದ. ಮಾತು ಬಾರದ ಮನುಷ್ಯ ಆ ನೋವು ಹೇಳಲಿಕ್ಕೂ ಆಗಂಗಿಲ್ಲ, ವ್ಯಾಯಾಮಕ್ಕೆ ಸಹಕರಿಸೋದು ಬಿಡ್ತಾನ. ಮನೆಯವರು "ಹಟ ಮಾಡ್ತಾರ" ಅಂತಾರ.

ದಿನಾ ಬೆಳಕಿನಲ್ಲಿ ಒಂದು ಸಲ ಟಿಕ್ಕೆ ನಡುವಿನ ಮೂಳೆ, ಸೊಂಟದ ಎರಡೂ ಬದಿ, ಹಿಮ್ಮಡಿ, ಕಿವಿಯ ಅಂಚು ನೋಡಿ. ಕೆಂಪಾದ ಕಡೆ ಬೆರಳಿನಿಂದ ಒತ್ತಿ ಬಿಟ್ಟಾಗ ಬಿಳಿಯಾಗಿ ಮತ್ತೆ ಕೆಂಪಾದರೆ ಇನ್ನೂ ರಕ್ತ ಹರೀತದ. ಒತ್ತಿದರೂ ಬಣ್ಣ ಬದಲಾಗದಿದ್ದರೆ ಹುಣ್ಣು ಶುರುವಾದಂಗ. ನಮ್ಮ ಕಪ್ಪು ಚರ್ಮದಾಗ ಕೆಂಪು ಕಾಣದೇ ಇರಬಹುದು, ಆ ಜಾಗ ಬಿಸಿ ಅಥವಾ ಗಟ್ಟಿ ಅನ್ನಿಸ್ತದೇನು ನೋಡ್ರಿ. ಅಲ್ಲಿ ತಿಕ್ಕಬೇಡಿ, ಪೌಡರ್ ಮೆತ್ತಬೇಡಿ. ಗಾಡಿ ಚಕ್ರದ ಟ್ಯೂಬಿನಂಥ ದುಂಡನೆ ಗಾಳಿ ದಿಂಬನ್ನೂ ಕೊಡಬೇಡಿ, ಅದು ಸುತ್ತ ಒತ್ತಿ ನಡುವಿನ ರಕ್ತಸಂಚಾರ ಕಡಿಮೆ ಮಾಡ್ತದ.

ಏರ್ ಬೆಡ್ ಬಾಡಿಗೆಗೂ ಸಿಗ್ತದ. ಹಾಕಿದ ಮೇಲೆ ಟಿಕ್ಕೆ ಇರೋ ಜಾಗದ ಕೆಳಗೆ, ಏರ್ ಬೆಡ್ ಅಡಿಯಿಂದ, ಅಂಗೈ ತೂರಿಸಿ. ಮೂಳೆ ಕೈಗೆ ತಾಗಿದರೆ ಗಾಳಿ ಸಾಲದು, ಒಂದಿಂಚಾದರೂ ದಪ್ಪ ಉಳಿದಿರಬೇಕು. ಮೇಲೆ ಒಂದೇ ಹತ್ತಿ ಬೆಡ್‌ಶೀಟ್. ರಗ್ಗು, ರೆಕ್ಸಿನ್ ಹೊದಿಸಿದರೆ ಹಾಕಿದ್ದು ದಂಡ. ನಿಮ್ಮಲ್ಲಿ ಕರೆಂಟು ಹೋಗ್ತದ ಅಂದ್ರಿ, ಹಂಗಾಗಿ ಹಲಗೆ ಮೇಲೆ ನೇರವಾಗಿ ಹಾಸಬೇಡಿ, ಕೆಳಗ ಹತ್ತಿ ಗಾದಿ ಇರಲಿ. ಏರ್ ಬೆಡ್ ಇದ್ದರೂ ಮಗ್ಗುಲು ತಪ್ಪಿಸೋ ಹಂಗಿಲ್ಲ. ಬಹಳ ಮಂದಿ ಇಲ್ಲೇ ಮೈಮರೆಯೋದು.

ಎಣ್ಣೆ ತಿಕ್ಕಿಸೋ ವಿಚಾರ ಯಾರಾದರೂ ತಂದೇ ತರ್ತಾರ. ಒಂದು ಕಾಲಿನ ಮೀನಖಂಡ ಇನ್ನೊಂದಕ್ಕಿಂತ ದಪ್ಪ, ಬಿಸಿ, ನೋವು ಇದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ತಿಕ್ಕಿದರೆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗ್ತದ. ಮೊದಲು ಡಾಕ್ಟ್ರಿಗೆ ತೋರಿಸ್ರಿ.

ಟಾಯ್ಲೆಟ್ಟಿಗೆ ನಡುವೆ ತೂತು ಇರೋ ಕಮೋಡ್ ಕುರ್ಚಿ ತಗೋರಿ, ಕೈ ಆಸರೆ ಇರಬೇಕು, ಚಕ್ರ ಇದ್ದರೆ ಬ್ರೇಕ್ ಇರಬೇಕು. ಕುರ್ಚಿಯನ್ನು ಅಪ್ಪನ ಎಡಗಡೆ, ಅಂದ್ರೆ ಶಕ್ತಿ ಇರೋ ಕಡೆ ಇಡ್ರಿ. ನೀವು ಎದುರು ನಿಂತು ನಿಮ್ಮ ಮಂಡಿಯಿಂದ ಅವರ ಬಲಮಂಡಿಗೆ ಆನಿಕೆ ಕೊಟ್ಟು, ಸೊಂಟಕ್ಕೆ ಕಟ್ಟಿದ ಅಗಲ ಬೆಲ್ಟ್ ಹಿಡಿದು ಎಬ್ಬಿಸಬೇಕು. ಇದನ್ನು ವಾರ್ಡಿನಲ್ಲೇ ಫಿಸಿಯೋ ಎದುರು ಮಾಡಿ ನೋಡಿ. ಮನೆಯ ಮಂಚ ತಗ್ಗಿದ್ದರೆ ಕಾಲಿಗೆ ಗಟ್ಟಿ ಮರದ ದಿಮ್ಮಿ ಕೊಟ್ಟು ಸೊಂಟದೆತ್ತರಕ್ಕೆ ತರ್ರಿ. ಕುರ್ಚಿಗೆ ಇಳಿಸೋ ಹೊತ್ತಿಗೆ ಮಾತ್ರ ಅವರ ಪಾದ ನೆಲ ಮುಟ್ಟೋ ಎತ್ತರ ಬೇಕು, ಹಂಗಾಗಿ ಗಟ್ಟಿ ಮೆಟ್ಟುಹಲಗೆ ಒಂದು ಇರಲಿ.

ಹೊನ್ನಾಳಿ_ಹೊಳೆದಂಡೆ

ತುಂಬಾ ಉಪಕಾರ. ಹೆಂಡತಿ ಇವತ್ತು ಫೀಡ್ ಹಾಕಿದಳು, ಸಿಸ್ಟರ್ ಪಕ್ಕದಲ್ಲಿದ್ದರು. ಎರಡು ಪ್ರಶ್ನೆ: ಕ್ಯಾಥೆಟರ್ ಎಷ್ಟು ದಿನ ಇಡಬಹುದು? ಮಾತ್ರೆಗಳನ್ನೆಲ್ಲ ಪುಡಿ ಮಾಡಿ ಒಟ್ಟಿಗೆ ಟ್ಯೂಬಿನಲ್ಲಿ ಹಾಕುತ್ತಿದ್ದಾರೆ, ಮನೆಯಲ್ಲೂ ಹಾಗೇ ಮಾಡಬಹುದಾ?

ಮೆಡಿಕಲ್_ಶಾಪ್

ಮಾತ್ರೆಗೆ ನಾನು ಉತ್ತರಿಸುತ್ತೇನೆ. ಒಟ್ಟಿಗೆ ಬೇಡ. ಒಂದೊಂದನ್ನು ಬೇರೆ ಬೇರೆ ನುಣ್ಣಗೆ ಪುಡಿಮಾಡಿ 15–20 ಎಂ.ಎಲ್. ನೀರಿನಲ್ಲಿ ಕಲಸಿ ಹಾಕಿ, ನಡುವೆ ಸ್ವಲ್ಪ ನೀರು ಬಿಡಿ. ಫೀಡ್ ಜೊತೆ ಕಲಸಬೇಡಿ. ಅರ್ಧಕ್ಕೆ ನಿಲ್ಲಿಸಿದರೆ ಎಷ್ಟು ಔಷಧಿ ಹೋಯಿತೋ ಗೊತ್ತಾಗುವುದಿಲ್ಲ.

ಎಲ್ಲ ಮಾತ್ರೆಯನ್ನೂ ಪುಡಿ ಮಾಡುವಂತಿಲ್ಲ. ಹೆಸರಿನ ಕೊನೆಯಲ್ಲಿ ಎಸ್‌ಆರ್, ಇಆರ್, ಎಕ್ಸ್‌ಎಲ್, ಸಿಆರ್, ರಿಟಾರ್ಡ್ ಎಂದಿದ್ದರೆ ಅದು ದಿನವಿಡೀ ನಿಧಾನವಾಗಿ ಬಿಡುವ ಔಷಧಿ. ಪುಡಿ ಮಾಡಿದರೆ ಪೂರ್ತಿ ಡೋಸ್ ಒಮ್ಮೆಲೇ ಹೋಗಿ ಬಿಪಿ ಕುಸಿಯಬಹುದು. ಮೆಟೊಪ್ರೊಲಾಲ್ ಎಕ್ಸ್‌ಎಲ್ ಅಂಥದ್ದು. ಪ್ಯಾಂಟೊಪ್ರಜೋಲ್ ಮತ್ತು ಲೇಪನ ಇರುವ ಆಸ್ಪಿರಿನ್ ಮಾತ್ರೆಗಳಿಗೆ ಹೊಟ್ಟೆಯ ಆಮ್ಲ ತಾಗದಂತೆ ಕವಚ ಇರುತ್ತದೆ, ಪುಡಿ ಮಾಡಿದರೆ ಕವಚದ ಉದ್ದೇಶವೇ ಹಾಳು. ನೀರಿನಲ್ಲಿ ಕರಗುವ ಆಸ್ಪಿರಿನ್ ಬೇರೆ ಸಿಗುತ್ತದೆ. ಸ್ಟ್ರೋಕ್ ಆದವರಿಗೆ ಆಸ್ಪಿರಿನ್, ಕ್ಲೊಪಿಡೊಗ್ರೆಲ್, ಅಟೊರ್ವಾಸ್ಟಾಟಿನ್ ಮೂರೂ ಸೇರಿದ ಕ್ಯಾಪ್ಸೂಲ್ ಬರೆಯುವುದು ವಾಡಿಕೆ. ಟ್ಯೂಬ್ ಇರುವವರಿಗೆ ಅದನ್ನು ಬಿಡಿ ಮಾತ್ರೆಗಳಾಗಿ ಬರೆಸಿಕೊಳ್ಳುವುದು ಒಳ್ಳೆಯದು. ಫಿಟ್ಸ್‌ಗೆ ಫಿನಿಟಾಯಿನ್ ಇದ್ದರೆ ಫೀಡ್ ಅದರ ಹೀರಿಕೆಯನ್ನು ತಗ್ಗಿಸುತ್ತದೆ, ಮುಂಚೆ ಮತ್ತು ನಂತರ ಒಂದೆರಡು ಗಂಟೆ ಫೀಡ್ ಅಂತರ ಬೇಕು, ಡಾಕ್ಟರನ್ನು ಕೇಳಿ ಸಮಯ ಹಾಕಿಸಿಕೊಳ್ಳಿ.

ಡಿಸ್ಚಾರ್ಜ್ ಚೀಟಿ ಕೈಗೆ ಬಂದಾಗ ಆಸ್ಪತ್ರೆಯ ಫಾರ್ಮಸಿಸ್ಟ್ ಮುಂದೆ ಇಟ್ಟು, "ಟ್ಯೂಬ್ ಫೀಡ್ ಪೇಷಂಟ್, ಇದರಲ್ಲಿ ಪುಡಿ ಮಾಡಬಾರದ್ದು ಯಾವುದು?" ಎಂದು ಕೇಳಿ ಗುರುತು ಹಾಕಿಸಿ. ಬದಲಿ ಬರೆಯಬೇಕಾದವರು ಡಾಕ್ಟರ್, ಊರಿನ ಅಂಗಡಿಯವರಲ್ಲ. ರಕ್ತ ತೆಳು ಮಾಡುವ ಮಾತ್ರೆಯನ್ನು "ಪುಡಿ ಆಗಲ್ಲ" ಎಂದು ನೀವೇ ನಿಲ್ಲಿಸಿಬಿಡಬೇಡಿ.

ವಾರ್ಡ್_ಸಿಸ್ಟರ್

ಕ್ಯಾಥೆಟರ್ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆ "ಎಷ್ಟು ದಿನ" ಅಲ್ಲ, "ಇನ್ನೂ ಬೇಕಾ?" ಐಸಿಯುನಲ್ಲಿ ಮೂತ್ರ ಅಳೆಯಲು ಹಾಕಿದ್ದು ಹಾಗೇ ಉಳಿದುಬಿಡುವುದು ಮಾಮೂಲು. ಇರುವ ಪ್ರತಿ ದಿನ ನಂಜಿನ ಸಾಧ್ಯತೆ ಏರುತ್ತದೆ. ರೌಂಡ್ಸ್‌ನಲ್ಲಿ ಕೇಳಿ. ತೆಗೆದು ನೋಡುವುದಾದರೆ ಆಸ್ಪತ್ರೆಯಲ್ಲಿರುವಾಗಲೇ, ಬೆಳಗ್ಗೆ ತೆಗೆಸಿ. ಮೂತ್ರ ಕಟ್ಟಿದರೆ ಹಗಲಿನಲ್ಲೇ ಗೊತ್ತಾಗುತ್ತದೆ, ಹೊಟ್ಟೆ ಸ್ಕ್ಯಾನ್ ಮಾಡಿ ಎಷ್ಟು ಉಳಿದಿದೆ ನೋಡುತ್ತಾರೆ. ತೆಗೆಯುವ ಮುಂಚೆ ಗಂಟೆಗಟ್ಟಲೆ ಕ್ಲ್ಯಾಂಪ್ ಹಾಕಿ ಅಭ್ಯಾಸ ಮಾಡಿಸಬೇಕು ಎನ್ನುವ ಹಳೇ ಪದ್ಧತಿಯಿಂದ ಲಾಭವಿದೆಯೆಂದು ಕಂಡುಬಂದಿಲ್ಲ. ಮೂತ್ರ ಕಟ್ಟದೆ ಬರೀ ಸೋರುವುದಾದರೆ ಗಂಡಸರಿಗೆ ಕಾಂಡೋಮ್ ಕ್ಯಾಥೆಟರ್ ಆಗುತ್ತದೆ, ಒಳಗೆ ಏನೂ ಹೋಗುವುದಿಲ್ಲ. ಪ್ರಾಸ್ಟೇಟ್‌ಗೆ ಟ್ಯಾಮ್ಸುಲೋಸಿನ್ ಕ್ಯಾಪ್ಸೂಲ್ ಬರೆದರೆ ಮೇಲೆ ಹೇಳಿದ ಪುಡಿಯ ಮಾತು ಅದಕ್ಕೂ ಅನ್ವಯ.

ಇಡಲೇಬೇಕೆಂದರೆ: ಮಾಮೂಲಿ ಲೇಟೆಕ್ಸ್ ಆದರೆ ಎರಡರಿಂದ ನಾಲ್ಕು ವಾರಕ್ಕೆ ಬದಲಿಸುತ್ತಾರೆ, ಪೂರ್ತಿ ಸಿಲಿಕಾನ್ ಆದರೆ 12 ವಾರದವರೆಗೂ ಇಡಬಹುದು. ನಿಮ್ಮದು ಯಾವುದು ಎಂದು ಬರೆಸಿಕೊಳ್ಳಿ. ಬ್ಯಾಗ್ ಯಾವಾಗಲೂ ಸೊಂಟಕ್ಕಿಂತ ಕೆಳಗೆ, ಆದರೆ ನೆಲಕ್ಕೆ ತಾಗದಂತೆ. ವೀಲ್‌ಚೇರಿಗೆ ಇಳಿಸುವಾಗ ಬ್ಯಾಗನ್ನು ತೊಡೆಯ ಮೇಲಿಡುವುದು ಎಲ್ಲರೂ ಮಾಡುತ್ತಾರೆ, ಆಗ ಬ್ಯಾಗಿನ ಮೂತ್ರ ವಾಪಸ್ ಒಳಗೆ ಹೋಗುತ್ತದೆ. ಕೊಳವೆಯನ್ನು ತೊಡೆಗೆ ಟೇಪ್ ಮಾಡಿ. ಮುಕ್ಕಾಲು ತುಂಬುವ ಮುಂಚೆ ಖಾಲಿ ಮಾಡಿ, ಅಳತೆ ಬರೆಯಿರಿ. ಅಪ್ಪನ ತೂಕಕ್ಕೆ ದಿನಕ್ಕೆ ಕನಿಷ್ಠ 700 ಎಂ.ಎಲ್. ಬರಬೇಕು. ನಾಲ್ಕು ಗಂಟೆ ಏನೂ ಬರದಿದ್ದರೆ ಕೊಳವೆ ಮಡಚಿದೆಯೇ ನೋಡಿ, ಮಲಬದ್ಧತೆಯಿಂದಲೂ ಒತ್ತಿ ನಿಲ್ಲಬಹುದು. ಆದರೂ ಬರದಿದ್ದರೆ ಆಸ್ಪತ್ರೆಗೆ. ನಡುಕದ ಜ್ವರ ಬಂದರೂ ಅಷ್ಟೇ.

ದಿನಾ ಸೋಪು ನೀರಿನಲ್ಲಿ ತೊಳೆಯುವಾಗ ಮುಂದೊಗಲು ಹಿಂದೆ ಸರಿಸಿ ತೊಳೆದು, ಮತ್ತೆ ಮುಂದಕ್ಕೆ ತರುವುದನ್ನು ಮರೆಯಬೇಡಿ. ಹಿಂದೆಯೇ ಬಿಟ್ಟರೆ ಊದಿಕೊಂಡು ಸಿಕ್ಕಿಬೀಳುತ್ತದೆ. ಈ ಕೆಲಸಕ್ಕೆ ಸೊಸೆಗೆ ಸಂಕೋಚ, ಮಾವನಿಗೂ ಸಂಕೋಚ. ನೀವೋ ನಿಮ್ಮ ತಮ್ಮನೋ ವಹಿಸಿಕೊಂಡು ಕಲಿಯಿರಿ. ಕ್ಯಾಥೆಟರ್ ಒಳಗೆ ನೀರು ತುಂಬಿದ ಬಲೂನ್ ಇರುತ್ತದೆ, ಅದನ್ನು ಇಳಿಸದೆ ಎಳೆದರೆ ರಕ್ತ ಬರುತ್ತದೆ.

ಬಿಲ್ಲಿಂಗ್_ಕೌಂಟರ್

ಕಾಗದದ ವಿಷಯ. ಡಾಕ್ಟರ್ ಬೆಳಗ್ಗೆ 10ಕ್ಕೆ "ಹೋಗಬಹುದು" ಅಂದರೂ ನೀವು ಹೊರಡುವುದು ಸಂಜೆ. ಡಿಸ್ಚಾರ್ಜ್ ಸಮ್ಮರಿ ಟೈಪ್ ಆಗಬೇಕು, ಬಳಸದ ಔಷಧಿ ಫಾರ್ಮಸಿಗೆ ವಾಪಸ್ ಹೋಗಬೇಕು, ಲ್ಯಾಬ್ ಕ್ಲಿಯರೆನ್ಸ್, ಆಮೇಲೆ ಫೈನಲ್ ಬಿಲ್ ಟಿಪಿಎಗೆ, ಅಂದರೆ ಇನ್ಶೂರೆನ್ಸ್ ಕಂಪನಿ ಪರವಾಗಿ ಕ್ಲೇಮ್ ನೋಡುವ ಸಂಸ್ಥೆಗೆ. ವಿಮಾ ನಿಯಂತ್ರಕ ಐಆರ್‌ಡಿಎಐ 2024ರಲ್ಲಿ ಹೊರಡಿಸಿದ ಸುತ್ತೋಲೆಯಂತೆ, ಆಸ್ಪತ್ರೆಯಿಂದ ಡಿಸ್ಚಾರ್ಜ್ ಕೋರಿಕೆ ತಲುಪಿದ 3 ಗಂಟೆಯೊಳಗೆ ಕಂಪನಿ ಅಂತಿಮ ಒಪ್ಪಿಗೆ ಕೊಡಬೇಕು. ಅದಕ್ಕಿಂತ ತಡವಾಗಿ ಆಸ್ಪತ್ರೆ ಹೆಚ್ಚುವರಿ ಹಣ ಹಾಕಿದರೆ ಅದು ಕಂಪನಿಯ ತಲೆಗೆ. ಗಡಿಯಾರ ಶುರುವಾಗುವುದು ಕೋರಿಕೆ ತಲುಪಿದ ಮೇಲೆ. ಹಾಗಾಗಿ ಹಿಂದಿನ ದಿನ ಸಂಜೆಯೇ ಪ್ರಾವಿಷನಲ್ ಬಿಲ್ ಕೇಳಿ ನೋಡಿ, ಸಮ್ಮರಿಯ ಕರಡನ್ನೂ ಓದಿ.

ಪಾಲಿಸಿಯಲ್ಲಿ ರೂಂ ಬಾಡಿಗೆ ಮಿತಿ ಇದೆಯೇ ಎಂದು ತಮ್ಮನಿಗೆ ಎಚ್‌ಆರ್ ಹತ್ತಿರ ಕೇಳಲು ಹೇಳಿ. ಮಿತಿ ದಿನಕ್ಕೆ 5000 ಇದ್ದು ನೀವು 8000ದ ರೂಮಿನಲ್ಲಿದ್ದರೆ, ಕಡಿತ 3000ಕ್ಕೆ ನಿಲ್ಲುವುದಿಲ್ಲ. ಡಾಕ್ಟರ್ ಫೀಸು, ನರ್ಸಿಂಗ್ ಇತ್ಯಾದಿಯಲ್ಲೂ ಎಂಟರಲ್ಲಿ ಐದು ಪಾಲು ಮಾತ್ರ ಕೊಡುವ ಪಾಲಿಸಿಗಳಿವೆ. ಔಷಧಿ, ಪರೀಕ್ಷೆಗಳಿಗೆ ಆ ಪ್ರಮಾಣದ ಕಡಿತ ಹಾಕುವಂತಿಲ್ಲ, ಹಾಕಿದ್ದರೆ ಪ್ರಶ್ನಿಸಿ. ಗ್ಲೌಸ್, ಡಯಾಪರ್‌ನಂಥವು ಸಾಮಾನ್ಯವಾಗಿ ನಿಮ್ಮ ಜೇಬಿನಿಂದ.

ಸಮ್ಮರಿಯಲ್ಲಿ ಇವು ಇರಬೇಕು: ಆಧಾರ್‌ನಲ್ಲಿರುವ ಹಾಗೇ ಹೆಸರು, ಸ್ಟ್ರೋಕ್ ಆದ ದಿನ ಮತ್ತು ಬದಿ, ಹೋಗುವಾಗಿನ ಬಿಪಿ, ಔಷಧಿಗಳ ಹೆಸರು-ಡೋಸ್-ಎಷ್ಟು ದಿನ, ಬೆಡ್‌ಸೋರ್ ಇದೆಯೋ ಇಲ್ಲವೋ, ಟ್ಯೂಬ್ ಮತ್ತು ಕ್ಯಾಥೆಟರ್ ಎರಡರದ್ದೂ ಅಳತೆ, ಬಗೆ, ಹಾಕಿದ ದಿನಾಂಕ. ಈ ದಿನಾಂಕ ಬಹುತೇಕ ಬಿಟ್ಟುಹೋಗುತ್ತದೆ. ಆಮೇಲೆ ಊರಿನ ಆಸ್ಪತ್ರೆಯವರಿಗೆ ಯಾವಾಗ ಬದಲಿಸಬೇಕೆಂದೇ ತಿಳಿಯುವುದಿಲ್ಲ. "ಮನೆಯಲ್ಲಿ ಫಿಸಿಯೋಥೆರಪಿ ಇಷ್ಟು ವಾರ" ಎಂದೂ ಬರೆಸಿ. ಬಹಳ ಪಾಲಿಸಿಗಳು ಡಿಸ್ಚಾರ್ಜ್ ನಂತರ 60 ದಿನದ ಖರ್ಚು ಕೊಡುತ್ತವೆ, ಆದರೆ ಡಾಕ್ಟರ್ ಬರೆದ ಚೀಟಿ ಮತ್ತು ದಿನಾಂಕವಿರುವ ಬಿಲ್ ಎರಡೂ ಇದ್ದರೆ ಮಾತ್ರ. ಸಿಟಿ, ಎಂಆರ್‌ಐ ಫಿಲ್ಮ್ ಮತ್ತು ಸಿಡಿ ಮರೆಯದೆ ಪಡೆಯಿರಿ. ಪೂರ್ತಿ ಕೇಸ್‌ಶೀಟ್ ಬೇಕಾದರೆ ಲಿಖಿತ ಅರ್ಜಿ ಕೊಡಿ. ವೈದ್ಯಕೀಯ ಮಂಡಳಿಯ 2002ರ ನಿಯಮದಂತೆ 72 ಗಂಟೆಯೊಳಗೆ ಕೊಡಬೇಕು.

ಇದೇ ಪರಿಸ್ಥಿತಿಯಲ್ಲಿರುವ, ಇನ್ಶೂರೆನ್ಸ್ ಇಲ್ಲದವರಿಗೆ: ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ಗೆ ಪ್ಯಾಕೇಜ್ ದರದ ಶೇ. 30, ಗರಿಷ್ಠ 1.5 ಲಕ್ಷ. ಸೇರಿಸುವಾಗಲೇ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರ ಡೆಸ್ಕಿನಲ್ಲಿ ರೇಷನ್ ಕಾರ್ಡ್, ಆಧಾರ್ ಕೊಟ್ಟು ನೋಂದಾಯಿಸಬೇಕು. ತುರ್ತು ಅಲ್ಲದಿದ್ದರೆ ಖಾಸಗಿಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಬಿಲ್ ಕಟ್ಟಿ ಬಂದು ಆಮೇಲೆ ಹಣ ಕೇಳುವ ಯೋಜನೆ ಇದಲ್ಲ.

ಊರಿಗೆ ಬಿಡಲು 108 ಬರುವುದಿಲ್ಲ, ಅದು ತುರ್ತಿಗೆ. ಖಾಸಗಿ ಆಂಬುಲೆನ್ಸ್ ಮಾಡುವಾಗ ಆಕ್ಸಿಜನ್ ಬೇಕೇ, ಸ್ಟ್ರೆಚರ್ ಮನೆ ಬಾಗಿಲಲ್ಲಿ ತಿರುಗುತ್ತದೆಯೇ ಎರಡೂ ನೋಡಿ.

ಹೊನ್ನಾಳಿ_ಹೊಳೆದಂಡೆ

ಎಲ್ಲ ಬರೆದುಕೊಂಡೆ. ಕೊನೆಯದು: ಸೋದರತ್ತೆ ಬಂದವರು ದೇವಸ್ಥಾನದ ತೀರ್ಥ ಒಂದು ಚಮಚ ಬಾಯಿಗೆ ಬಿಡಬೇಕು ಅಂತ ಕೂತಿದ್ದಾರೆ. ಎಳನೀರೂ ತಂದಿದ್ದಾರೆ. ಒಂದು ಚಮಚಕ್ಕೆ ಏನಾಗುತ್ತದೆ ಎನ್ನುತ್ತಾರೆ.

ಸ್ಪೀಚ್_ಥೆರಪಿ

ನುಂಗುವ ಸ್ನಾಯು ಸೋತಾಗ ನೀರಿನಂಥ ತೆಳು ದ್ರವವೇ ಎಲ್ಲಕ್ಕಿಂತ ಕಷ್ಟ. ಗಂಟಲು ಮುಚ್ಚಿಕೊಳ್ಳುವ ಮುಂಚೆಯೇ ಅದು ಉಸಿರುನಾಳಕ್ಕೆ ಜಾರುತ್ತದೆ. ಸ್ಟ್ರೋಕ್ ಆದ ಕೆಲವರಿಗೆ ಕೆಮ್ಮು ಕೂಡ ಬರುವುದಿಲ್ಲ, ಹಾಗಾಗಿ "ಕುಡಿದರು, ಏನೂ ಆಗಲಿಲ್ಲ" ಎನಿಸುತ್ತದೆ. ಎರಡು ದಿನಕ್ಕೆ ಜ್ವರ, ಕಫ, ನ್ಯುಮೋನಿಯಾ. ಅತ್ತೆಯವರಿಗೆ ಹೀಗೆ ಹೇಳಿ: ತೀರ್ಥವನ್ನು ತಲೆಗೆ ಪ್ರೋಕ್ಷಿಸಲಿ, ಹಣೆಗೆ ಹಚ್ಚಲಿ. ಎಳನೀರು ಟ್ಯೂಬಿನಲ್ಲಿ ಹೋಗಬಹುದೇ ಎಂದು ಡಾಕ್ಟರನ್ನು ಕೇಳಿ, ಅದರಲ್ಲಿ ಪೊಟ್ಯಾಶಿಯಂ ಹೆಚ್ಚು.

ಬಾಯಿಯಿಂದ ಏನೂ ಕೊಡದಿದ್ದರೂ ಬಾಯಿ ತೊಳೆಯುವುದು ನಿಲ್ಲಬಾರದು. ಎಂಜಲು ಹೇಗೂ ಒಳಗೆ ಇಳಿಯುತ್ತದೆ, ಅದರಲ್ಲಿರುವ ಕೊಳೆಯೇ ಶ್ವಾಸಕೋಶಕ್ಕೆ ನಂಜು ತರುವುದು. ದಿನಕ್ಕೆ ಮೂರು ಸಲ, ಎತ್ತರಕ್ಕೆ ಕೂರಿಸಿ, ಮೆತ್ತನೆ ಬ್ರಶ್ಶು ಇಲ್ಲವೇ ಬೆರಳಿಗೆ ಸುತ್ತಿದ ಗಾಜ್ ಬಟ್ಟೆ, ನೀರು ಹಿಂಡಿ ತೆಗೆದು. ಬಲಗೆನ್ನೆಯ ಒಳಗೆ ವಿಶೇಷವಾಗಿ ನೋಡಿ, ಸ್ಪರ್ಶ ಇಲ್ಲದ ಕಡೆ ಕಫ ಸೇರಿಕೊಂಡಿರುತ್ತದೆ. ಹಲ್ಲುಸೆಟ್ಟು ಇದ್ದರೆ ರಾತ್ರಿ ತೆಗೆಯಿರಿ.

ಡಿಸ್ಚಾರ್ಜ್ ಮುಂಚೆ ನುಂಗುವ ಪರೀಕ್ಷೆ ಆಗಿದೆಯೇ ಕೇಳಿ, ಮತ್ತೆ ಯಾವ ದಿನ ನೋಡುತ್ತಾರೆ ಎಂದು ಸಮ್ಮರಿಯಲ್ಲಿ ಬರೆಸಿ. ಬಹಳ ಜನಕ್ಕೆ ಮೊದಲ ಕೆಲವು ವಾರಗಳಲ್ಲಿ ನುಂಗುವುದು ಸುಧಾರಿಸುತ್ತದೆ, ಆದರೆ ಪರೀಕ್ಷೆಯ ತಾರೀಖೇ ಇಲ್ಲದ್ದರಿಂದ ಟ್ಯೂಬು ಸುಮ್ಮನೆ ಉಳಿದುಬಿಡುತ್ತದೆ. ನಾಲ್ಕಾರು ವಾರ ದಾಟಿಯೂ ಬೇಕಾಗುವಂತಿದ್ದರೆ ಹೊಟ್ಟೆಗೆ ನೇರ ಹಾಕುವ ಪೆಗ್ ಟ್ಯೂಬಿನ ಬಗ್ಗೆ ವಿಚಾರಿಸಿ.

ಮಾತಿನ ಬಗ್ಗೆ ಸದ್ಯಕ್ಕೆ ಇಷ್ಟು. ಒಂದು ರಟ್ಟಿನ ಮೇಲೆ ನೀರು, ನೋವು, ಮಗ್ಗುಲು, ಚಳಿ, ಟಾಯ್ಲೆಟ್ ಇವುಗಳ ದೊಡ್ಡ ಚಿತ್ರ ಅಂಟಿಸಿ ಎಡಗೈ ತಲುಪುವ ಕಡೆ ಇಡಿ. ಒಂದು ಸಲಕ್ಕೆ ಒಂದೇ ಪ್ರಶ್ನೆ, "ಹೌದು–ಇಲ್ಲ" ಎಂದು ಉತ್ತರಿಸುವಂಥದ್ದು. ಕೇಳಿ ಹತ್ತು ಸೆಕೆಂಡ್ ಸುಮ್ಮನಿರಿ. ಟಿವಿ ಬಂದ್ ಮಾಡಿ, ಬಂದ ನೆಂಟರು ನಾಲ್ವರೂ ಒಟ್ಟಿಗೆ "ನಾನು ಯಾರು ಗೊತ್ತಾಯ್ತಾ?" ಎಂದು ಕೇಳುವುದನ್ನು ತಡೆಯಿರಿ. ಬಲಗಡೆ ನಿಂತವರು ಕಾಣದೇ ಇರಬಹುದು, ಮಾತಾಡಿಸುವವರು ಎಡಗಡೆ ಬರಲಿ.